ಹೊಸ ತಳಿಗೆ ಯಾವ ರಕ್ಷಣೆ? ಮೊದಲು ಗಿಡ ನೋಡಿ, ಆಮೇಲೆ ಕಾನೂನು

ಒಂದು ಹೊಸ ತಳಿ ಕೈಗೆ ಬರಲು ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಕ್ರಾಸ್ ಮಾಡಬೇಕು, ಸಾವಿರಾರು ಸಸಿಗಳಲ್ಲಿ ನಾಲ್ಕೈದನ್ನು ಉಳಿಸಿಕೊಳ್ಳಬೇಕು, ಮತ್ತೆ ಬಿತ್ತಬೇಕು, ಮತ್ತೆ ಆರಿಸಬೇಕು. ನಕಲು ಮಾಡುವವರಿಗೆ ಇಷ್ಟೆಲ್ಲ ಪಾಡು ಬೇಡ. ಒಂದು ಹಿಡಿ ಬೀಜ ಸಾಕು, ಕೆಲವು ಬೆಳೆಗಳಲ್ಲಿ ಪೆನ್ಸಿಲ್ ದಪ್ಪದ ಒಂದು ಕಡ್ಡಿ ಸಾಕು. ಹಾಗಾಗಿ ರಕ್ಷಣೆ ಬೇಕು ಅನ್ನಿಸುವುದು ಸಹಜ. ಆದರೆ ಹೊಸ ತಳಿ ಮಾಡುವ ಬ್ರೀಡರ್‌ಗಳಾಗಲಿ, ನರ್ಸರಿಯವರಾಗಲಿ, ರೈತರ ಗುಂಪಾಗಲಿ, ಯಾರೇ ಬಂದರೂ ಮೊದಲು ಕೇಳುವುದು ಒಂದೇ: "ಎಲ್ಲಕ್ಕಿಂತ ಗಟ್ಟಿ ಯಾವುದು? ಪೇಟೆಂಟ್ ತಾನೇ?"

ಇಲ್ಲಿಂದ ಶುರು ಮಾಡಿದವರು ದುಡ್ಡು, ಸಮಯ ಎರಡನ್ನೂ ಕಳೆದುಕೊಳ್ಳುವುದು ಜಾಸ್ತಿ. ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ. ನಿಮ್ಮ ಗಿಡ ತನ್ನಂಥದ್ದೇ ಇನ್ನೊಂದು ಗಿಡವನ್ನು ಹೇಗೆ ಹುಟ್ಟಿಸುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಗಿಡ ಮೂರು ಬಗೆ

ಗೋಧಿ, ಭತ್ತ, ಹುರುಳಿಕಾಯಿ ಇಂಥವು ತಮ್ಮ ಹೂವಿನಲ್ಲೇ ತಾವು ಪರಾಗ ಕಟ್ಟಿಕೊಳ್ಳುತ್ತವೆ. ಬೀಜ ಬಿತ್ತಿದರೆ ಅದೇ ತಳಿ ಬರುತ್ತದೆ. ಒಂದು ಸಲ ಚೀಲ ಮಾರಿದಿರಿ ಅಂದರೆ ನಿಮ್ಮ ತಳಿ ಪೂರ್ತಿಯಾಗಿ ಕೊಂಡವರ ಕೈಯಲ್ಲಿದೆ.

ಗುಲಾಬಿ, ಸೇಬು, ದ್ರಾಕ್ಷಿ, ಆಲೂಗಡ್ಡೆ ಇವುಗಳನ್ನು ಕಡ್ಡಿ, ಕಸಿ, ಗೆಡ್ಡೆಯಿಂದ ಬೆಳೆಸುತ್ತಾರೆ. ಸೇಬಿನ ಬೀಜ ಹಾಕಿದರೆ ಅದೇ ಸೇಬು ಬರುವುದಿಲ್ಲ, ಆದರೆ ಒಂದು ಕಣ್ಣು ಕಸಿ ಕಟ್ಟಿದರೆ ತದ್ರೂಪ ಬರುತ್ತದೆ. ನಕಲು ಇಲ್ಲಿ ತುಂಬಾ ಸಲೀಸು.

ಮೂರನೆಯದು ಹೈಬ್ರಿಡ್. ಜೋಳ ಇದಕ್ಕೆ ಒಳ್ಳೆಯ ಉದಾಹರಣೆ, ಮೆಕ್ಕೆಜೋಳ. ಎರಡು ಶುದ್ಧ ಸಾಲುಗಳನ್ನು, ಅಂದರೆ ಪೀಳಿಗೆಯಿಂದ ಪೀಳಿಗೆಗೆ ಒಂದೇ ತರ ಬರುವ ಎರಡು ವಂಶಗಳನ್ನು, ಕೂಡಿಸಿದಾಗ ಬರುವ ಮೊದಲ ಪೀಳಿಗೆ ಜೋರಾಗಿ ಬೆಳೆಯುತ್ತದೆ, ಎಲ್ಲ ಗಿಡವೂ ಒಂದೇ ಎತ್ತರ. ಅದರ ಕಾಳನ್ನೇ ಮತ್ತೆ ಬಿತ್ತಿದರೆ ಒಂದು ಎತ್ತರ, ಒಂದು ಗಿಡ್ಡ, ಒಂದು ಬೇಗ, ಒಂದು ತಡ, ಇಳುವರಿಯೂ ಬೀಳುತ್ತದೆ. ಅಂದರೆ ಗಿಡವೇ ತನಗೊಂದು ಬೀಗ ಹಾಕಿಕೊಂಡಿದೆ. ಕಾನೂನಿಗೆ ಹೋಗುವ ಮೊದಲೇ ಒಂದು ರಕ್ಷಣೆ ಸಿಕ್ಕಿತು ಅಲ್ವಾ?

ಇದರ ಜೊತೆಗೆ ಇನ್ನೆರಡು ವಿಷಯ ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಿ. ಯಾರನ್ನು ತಡೆಯಬೇಕು? ಇನ್ನೊಬ್ಬ ನರ್ಸರಿಯವರನ್ನೋ, ಇನ್ನೊಂದು ಬೀಜ ಕಂಪನಿಯನ್ನೋ, ನಿಮ್ಮ ತಳಿಯಿಂದ ಮತ್ತೊಂದು ತಳಿ ಮಾಡುವವರನ್ನೋ, ತನ್ನ ಹೊಲಕ್ಕೆ ತಾನೇ ಬೀಜ ಎತ್ತಿಡುವ ರೈತರನ್ನೋ? ಇವರೆಲ್ಲ ಬೇರೆ ಬೇರೆ ಜನ. ಒಂದೊಂದು ಕಾನೂನು ಒಬ್ಬೊಬ್ಬರನ್ನು ತಡೆಯುತ್ತದೆ. ಯಾರನ್ನು ತಡೆಯಬಾರದು ಅನ್ನುವುದೂ ಅಷ್ಟೇ ಮುಖ್ಯ, ಇದನ್ನು ಯೋಚಿಸುವವರು ಕಡಿಮೆ.

ತಳಿ ಹಕ್ಕು: ಹೆಚ್ಚಿನವರಿಗೆ ಇದೇ ಸರಿ

ಬ್ರೀಡರ್ ಹಕ್ಕು ಅಂತಲೂ ಕರೆಯುತ್ತಾರೆ. 1961ರಲ್ಲಿ ಪ್ಯಾರಿಸ್‌ನಲ್ಲಿ ಆದ ಯೂಪೋವ್ ಒಪ್ಪಂದ (ಹೊಸ ತಳಿಗಳ ರಕ್ಷಣೆಗೆ ದೇಶಗಳು ಮಾಡಿಕೊಂಡದ್ದು) ಇದರ ತಾಯಿಬೇರು. ಅದನ್ನು 1972, 1978, 1991ರಲ್ಲಿ ತಿದ್ದಿದರು. ಇವತ್ತು ಜಗತ್ತಿನ ಬಹುಪಾಲು ತಳಿ ಕಾನೂನುಗಳು ಇದರ ಅಚ್ಚಿನಲ್ಲೇ ಇವೆ. ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಹೇಳುವುದು ಇಷ್ಟು: ಸದಸ್ಯ ದೇಶಗಳು ತಳಿಗಳಿಗೆ ಪೇಟೆಂಟ್ ಆದರೂ ಕೊಡಬೇಕು, ಇಲ್ಲವೇ ಪರಿಣಾಮಕಾರಿಯಾದ ತಮ್ಮದೇ ಕಾನೂನು ಮಾಡಬೇಕು, ಎರಡೂ ಇದ್ದರೂ ಆಗುತ್ತದೆ. ಹಾಗಾಗಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಭಾರತ ಯೂಪೋವ್‌ಗೆ ಸೇರಿಲ್ಲ, 2001ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು.

ತಳಿ ಹಕ್ಕು ಸಿಗಬೇಕಾದರೆ ತಳಿ ಹೊಸದಾಗಿರಬೇಕು, ಬೇರೆ ತಳಿಗಳಿಗಿಂತ ಭಿನ್ನವಾಗಿರಬೇಕು, ಗಿಡಗಳೆಲ್ಲ ಒಂದೇ ತರ ಇರಬೇಕು, ಮತ್ತೆ ಮತ್ತೆ ಬೆಳೆಸಿದರೂ ಗುಣ ಬದಲಾಗಬಾರದು, ಸರಿಯಾದ ಹೆಸರೊಂದು ಇರಬೇಕು. ನಡುವಿನ ಮೂರನ್ನು ಸೇರಿಸಿ ಡಿಯುಎಸ್ ಪರೀಕ್ಷೆ ಅನ್ನುತ್ತಾರೆ. ಗಮನಿಸಿ, ಇಳುವರಿ ಎಷ್ಟು, ರುಚಿ ಚೆನ್ನಾಗಿದೆಯೋ ಇಲ್ಲವೋ ಎಂದು ಈ ಹಕ್ಕು ಕೊಡುವವರು ಕೇಳುವುದೇ ಇಲ್ಲ. ನಿಮ್ಮ ತಳಿ ಇನ್ನೊಂದಕ್ಕಿಂತ ಒಳ್ಳೆಯದು ಎಂದು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಇಲ್ಲ, ಬೇರೆ ಎಂದು ತೋರಿಸಿದರೆ ಸಾಕು. ಬೀಜ ಮಾರಾಟಕ್ಕೆ ಬೇಕಾಗುವ ಅನುಮತಿ ಬೇರೆಯೇ ವಿಷಯ, ಎರಡನ್ನೂ ಕಲಸಿಕೊಳ್ಳಬೇಡಿ.

ಪರೀಕ್ಷೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿದರೆ ಈ ಹಕ್ಕಿನ ಸ್ವಭಾವ ಅರ್ಥವಾಗುತ್ತದೆ. ನಿಮ್ಮ ತಳಿಯನ್ನೂ, ಅದಕ್ಕೆ ತೀರಾ ಹತ್ತಿರದ ಹಳೆಯ ತಳಿಗಳನ್ನೂ ಪಕ್ಕಪಕ್ಕದ ಸಾಲಿನಲ್ಲಿ ಹಾಕುತ್ತಾರೆ, ಸಾಮಾನ್ಯವಾಗಿ ಎರಡು ಹಂಗಾಮು. ಪರೀಕ್ಷಕರು ಪಟ್ಟಿ ಹಿಡಿದು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತಾರೆ. ಎಲೆಯ ಅಂಚು ಹೇಗಿದೆ, ಕಾಂಡದ ಮೇಲೆ ರೋಮ ಇದೆಯೋ, ಹೂ ಬಿಡಲು ಎಷ್ಟು ದಿನ. ಹೂವಿನ ಬಣ್ಣವನ್ನು ಸುಮ್ನೆ "ಕೆಂಪು" ಎಂದು ಬರೆಯುವ ಹಾಗಿಲ್ಲ. ಬಣ್ಣದ ಪಟ್ಟಿಗಳಿರುವ ಒಂದು ಕಟ್ಟು ಇರುತ್ತದೆ, ಎಸಳನ್ನು ಒಂದೊಂದೇ ಪಟ್ಟಿಯ ಪಕ್ಕ ಹಿಡಿದು ಹೊಂದುವ ಸಂಖ್ಯೆ ಬರೆದುಕೊಳ್ಳುತ್ತಾರೆ. ಆಮೇಲೆ ಬೆರಕೆ ಗಿಡಗಳ, ಅಂದರೆ ಉಳಿದವುಗಳ ತರ ಇಲ್ಲದ ಗಿಡಗಳ ಎಣಿಕೆ. ಸ್ವಪರಾಗ ಬೆಳೆಯಲ್ಲಿ ನೂರಕ್ಕೆ ಒಂದು ಎಂಬ ಮಟ್ಟ ಇಟ್ಟುಕೊಂಡರೆ, ಆಕಸ್ಮಿಕಕ್ಕೂ ಸ್ವಲ್ಪ ಜಾಗ ಬಿಡುವ ಯೂಪೋವ್‌ನ ಲೆಕ್ಕದಂತೆ 100 ಗಿಡಗಳ ಸಾಲಿನಲ್ಲಿ 3 ಬೆರಕೆ ಬಂದರೆ ಪಾಸು. ನಾಲ್ಕನೆಯದು ಕಂಡರೆ ಏಕರೂಪತೆಯಲ್ಲಿ ಬಿದ್ದ ಹಾಗೆ. ಆರನೇ ಪೀಳಿಗೆಯಲ್ಲೇ ಅವಸರ ಮಾಡಿ ಅರ್ಜಿ ಹಾಕುವ ಬ್ರೀಡರ್‌ಗಳು ಎಡವುವುದು ಇಲ್ಲೇ. ಇನ್ನೊಂದೆರಡು ಪೀಳಿಗೆ ಕಾಯ್ದು ಸಾಲನ್ನು ಶುದ್ಧ ಮಾಡಿಕೊಂಡು ಹೋಗಿ ಎಂದು ನಾನು ಹೇಳುವುದು ಅದಕ್ಕೇ.

ಹಕ್ಕು ಸಿಕ್ಕ ಮೇಲೆ ನಿಮ್ಮ ಅನುಮತಿ ಇಲ್ಲದೆ ಆ ತಳಿಯ ಬೀಜ, ಸಸಿ, ಕಡ್ಡಿಯನ್ನು ಬೇರೆಯವರು ಉತ್ಪಾದಿಸಿ ಮಾರುವಂತಿಲ್ಲ. 1991ರ ಪಠ್ಯದಲ್ಲಿ ಆಮದು, ರಫ್ತು, ದಾಸ್ತಾನು ಕೂಡ ಇದರೊಳಗೆ ಬರುತ್ತವೆ. ಕೆಲವು ಸಂದರ್ಭಗಳಲ್ಲಿ ಕೊಯ್ದ ಫಸಲಿನವರೆಗೂ ಹಕ್ಕು ಚಾಚುತ್ತದೆ. ಅವಧಿ ಕನಿಷ್ಠ 20 ವರ್ಷ, ಮರ ಮತ್ತು ಬಳ್ಳಿಗಳಿಗೆ 25. ಯುರೋಪ್ ಒಕ್ಕೂಟದಲ್ಲಿ ಫ್ರಾನ್ಸಿನ ಆಂಜೆಯಲ್ಲಿರುವ ಒಂದೇ ಕಚೇರಿಗೆ ಅರ್ಜಿ ಹಾಕಿದರೆ ಎಲ್ಲ ಸದಸ್ಯ ದೇಶಗಳಿಗೂ ಸೇರಿ 25 ವರ್ಷ, ಮರ, ದ್ರಾಕ್ಷಿ, ಆಲೂಗಡ್ಡೆಗೆ 30 ವರ್ಷ ಸಿಗುತ್ತದೆ. ಭಾರತದ ಕಾಯ್ದೆಯಲ್ಲಿ ಸಾಮಾನ್ಯ ಬೆಳೆಗಳಿಗೆ 15, ಮರ ಮತ್ತು ಬಳ್ಳಿಗೆ 18.

ಈ ಹಕ್ಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು ತೆರೆದಿಟ್ಟಿರುವ ಎರಡು ಬಾಗಿಲು.

ಒಂದು, ಬ್ರೀಡರ್ ವಿನಾಯಿತಿ. ರಕ್ಷಣೆ ಇರುವ ತಳಿಯನ್ನು ಯಾರು ಬೇಕಾದರೂ ಕ್ರಾಸ್‌ಗೆ ಬಳಸಬಹುದು, ಹುಟ್ಟಿದ ಹೊಸ ತಳಿಯನ್ನು ಮಾರಲೂಬಹುದು, ಮೊದಲಿನವರ ಅನುಮತಿ ಬೇಡ. ನೀವು ಇವತ್ತು ಮಾಡಿದ ತಳಿಯ ಹಿಂದೆ ಹತ್ತು ಜನರ ತಳಿಗಳಿವೆ, ನಾಳೆ ಮಾಡುವವರಿಗೆ ನಿಮ್ಮದು ಬೇಕು. ಇದನ್ನು ನಿಲ್ಲಿಸಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಆದರೆ ಒಂದು ಗಿಡದಲ್ಲಿ ತಾನಾಗಿ ಬಣ್ಣ ಬದಲಾದ ಕೊಂಬೆಯನ್ನು ಹಿಡಿದುಕೊಂಡು, ಅಥವಾ ಪದೇ ಪದೇ ಮೂಲ ತಳಿಗೇ ಹಿಂದಕ್ಕೆ ಕ್ರಾಸ್ ಮಾಡಿ ಒಂದೇ ಗುಣ ತುರುಕಿ "ನನ್ನ ಹೊಸ ತಳಿ" ಅಂದರೆ? 1991ರ ತಿದ್ದುಪಡಿ ಅದಕ್ಕೂ ಉತ್ತರ ಕೊಟ್ಟಿತು. ಮೂಲ ತಳಿಯ ಸಾರವನ್ನೇ ಉಳಿಸಿಕೊಂಡು ಹುಟ್ಟಿದ ಇಂಥ ಜನ್ಯ ತಳಿಗೆ ಹಕ್ಕು ಸಿಗಬಹುದು, ಮಾರಬೇಕಾದರೆ ಮಾತ್ರ ಮೂಲ ತಳಿಯ ಹಕ್ಕುದಾರರ ಒಪ್ಪಿಗೆ ಬೇಕು.

ಎರಡು, ರೈತರು ಬೀಜ ಎತ್ತಿಡುವ ಹಕ್ಕು. ಇದು ದೇಶಕ್ಕೊಂದು ತರ. ಯೂಪೋವ್ 1991ರಲ್ಲಿ ಇದು ಆಯಾ ದೇಶಕ್ಕೆ ಬಿಟ್ಟ ವಿಷಯ. ಯುರೋಪ್ ಒಕ್ಕೂಟದಲ್ಲಿ ಪಟ್ಟಿ ಮಾಡಿದ ಕೆಲವು ಬೆಳೆಗಳಿಗೆ ರೈತರು ಬೀಜ ಎತ್ತಿಡಬಹುದು, ದೊಡ್ಡ ರೈತರು ಹಕ್ಕುದಾರರಿಗೆ ಕಡಿಮೆ ದರದ ರಾಯಲ್ಟಿ ಕೊಡಬೇಕು, 92 ಟನ್ ಧಾನ್ಯ ಬೆಳೆಯುವಷ್ಟು ಜಮೀನಿಗಿಂತ ಕಡಿಮೆ ಇರುವ ಸಣ್ಣವರು ಕೊಡಬೇಕಿಲ್ಲ. ಅಮೆರಿಕದಲ್ಲಿ ತನ್ನ ಹೊಲಕ್ಕೆ ಎತ್ತಿಡಬಹುದು, ಬಿತ್ತನೆಗೆಂದು ಪಕ್ಕದವರಿಗೆ ಮಾರುವ ಅವಕಾಶವನ್ನು 1994ರ ತಿದ್ದುಪಡಿ ತೆಗೆದುಹಾಕಿತು. ಭಾರತದ ಕಾಯ್ದೆ ಇವೆಲ್ಲಕ್ಕಿಂತ ಉದಾರ. ರೈತರು ರಕ್ಷಿತ ತಳಿಯ ಬೀಜವನ್ನೂ ಉಳಿಸಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಬ್ರ್ಯಾಂಡ್ ಹಾಕಿ ಮಾರಬಾರದು ಅಷ್ಟೇ. ತಳಿ ಇಷ್ಟು ಇಳುವರಿ ಕೊಡುತ್ತದೆ ಎಂದು ಹೇಳಿ ಕೊಡದಿದ್ದರೆ ರೈತರು ಪರಿಹಾರ ಕೇಳುವುದಕ್ಕೂ ಅದರಲ್ಲಿ ದಾರಿ ಇದೆ. ನಿಮ್ಮ ಬೆಳೆ ಗೋಧಿ, ಭತ್ತದಂಥದ್ದಾದರೆ ಆದಾಯದ ಲೆಕ್ಕ ಹಾಕುವಾಗ ಈ ಬಾಗಿಲು ಎಷ್ಟು ಅಗಲ ತೆರೆದಿದೆ ಎಂದು ದೇಶವಾರು ನೋಡಲೇಬೇಕು.

ಮೊದಲ ಮಾರಾಟದ ತಾರೀಖು

ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ, ಯಾಕೆಂದರೆ ಸರಿಪಡಿಸಲಾಗದ ತಪ್ಪು ಆಗುವುದು ಇಲ್ಲಿ. ಅರ್ಜಿ ಹಾಕುವ ದೇಶದಲ್ಲಿ ತಳಿಯನ್ನು ಮಾರಿ 1 ವರ್ಷ ದಾಟಿರಬಾರದು, ಬೇರೆ ದೇಶಗಳಲ್ಲಿ 4 ವರ್ಷ, ಮರ ಮತ್ತು ಬಳ್ಳಿಯಾದರೆ 6 ವರ್ಷ. ದಾಟಿದರೆ ತಳಿ "ಹೊಸದು" ಆಗಿ ಉಳಿಯುವುದಿಲ್ಲ.

ನನಗೆ ಪರಿಚಯದ ಬ್ರೀಡರ್ ಒಬ್ಬರು ತಮ್ಮ ಹೂಗಿಡದ ಸಸಿಗಳನ್ನು "ನೋಡಿ, ಹೇಗೆ ಬರುತ್ತದೆ ಹೇಳಿ" ಎಂದು ನಾಲ್ಕು ನರ್ಸರಿಗಳಿಗೆ ಕೊಟ್ಟರು. ಪ್ರಯೋಗಕ್ಕೆ ಕೊಟ್ಟದ್ದೇ. ಆದರೆ ಸಾಗಾಟದ ಖರ್ಚಿನ ಜೊತೆ ಸಸಿಯ ಹಣವನ್ನೂ ಸೇರಿಸಿ ರಸೀದಿ ಬರೆದರು. ಎರಡು ವರ್ಷ ಕಳೆದು ಅರ್ಜಿ ಹಾಕಲು ಕೂತಾಗ ಆ ರಸೀದಿಗಳೇ ಮೊದಲ ಮಾರಾಟದ ಸಾಕ್ಷಿಯಾಗಿ ಎದುರು ನಿಂತವು. ಅವರ ಮುಖ ಈಗಲೂ ನೆನಪಿದೆ. ಪ್ರಯೋಗಕ್ಕೆ ಕೊಡುವಾಗ ಹಣ ತೆಗೆದುಕೊಳ್ಳಬೇಡಿ, "ಪರೀಕ್ಷೆಗೆ ಮಾತ್ರ, ಬೆಳೆಸಿ ಮಾರುವಂತಿಲ್ಲ, ಗಿಡ ನನ್ನದೇ" ಎಂದು ಒಂದು ಹಾಳೆ ಬರೆಸಿಕೊಳ್ಳಿ.

ದೊಡ್ಡವರೂ ಈ ತಾರೀಖಿನಲ್ಲಿ ಸಿಕ್ಕಿಕೊಂಡಿದ್ದಾರೆ. ಭಾರತದಲ್ಲಿ ಪೆಪ್ಸಿಕೋದ ಎಫ್‌ಎಲ್ 2027 ಆಲೂಗಡ್ಡೆಯ ನೋಂದಣಿಯನ್ನು ತಳಿ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಮೊದಲ ಮಾರಾಟದ ದಿನವನ್ನು ಅರ್ಜಿಯಲ್ಲಿ ಹೇಗೆ ತೋರಿಸಿದ್ದಾರೆ, ತಳಿಯನ್ನು ಯಾವ ವರ್ಗದಲ್ಲಿ (ಹೊಸದೋ, ಈಗಾಗಲೇ ಇದ್ದದ್ದೋ) ತೋರಿಸಿದ್ದಾರೆ ಅನ್ನುವುದು ಅಲ್ಲಿ ಎದ್ದ ಪ್ರಶ್ನೆಗಳಲ್ಲಿ ಸೇರಿತ್ತು. 2023ರಲ್ಲಿ ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಆ ರದ್ದತಿಯನ್ನು ಎತ್ತಿಹಿಡಿಯಿತು, 2024ರ ಜನವರಿಯಲ್ಲಿ ವಿಭಾಗೀಯ ಪೀಠ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಒಂದು ತಾರೀಖು, ಒಂದು ವರ್ಗ, ಅದಕ್ಕೆ ವರ್ಷಗಟ್ಟಲೆ ಕೋರ್ಟು.

ಇನ್ನೊಂದು ಸೂಕ್ಷ್ಮ ಇದೆ. ತಳಿ ಹಕ್ಕಿನಲ್ಲಿ ಹೊಸತನ ಹೋಗುವುದು ಮಾರಾಟದಿಂದ. ಸಮ್ಮೇಳನದಲ್ಲಿ ತಳಿಯ ಬಗ್ಗೆ ಮಾತಾಡಿದರೆ, ಲೇಖನ ಬರೆದರೆ ಹೋಗುವುದಿಲ್ಲ. ಪೇಟೆಂಟ್‌ನಲ್ಲಿ ಹಾಗಿಲ್ಲ. ಯುರೋಪ್‌ನಲ್ಲಿ ಅರ್ಜಿಗೆ ಮೊದಲು ಬಾಯಿಬಿಟ್ಟರೆ ಪೇಟೆಂಟ್ ಹೋಯಿತು, ಅಮೆರಿಕದಲ್ಲಿ ನೀವೇ ಹೊರಹಾಕಿದ್ದಾದರೆ 1 ವರ್ಷದ ರಿಯಾಯಿತಿ ಇದೆ. ಯಾವ ದಾರಿ ಹಿಡಿಯುತ್ತೀರಿ ಎಂದು ತೀರ್ಮಾನ ಆಗುವವರೆಗೆ ಬಾಯಿಗೂ ಬೀಗ, ರಸೀದಿ ಪುಸ್ತಕಕ್ಕೂ ಬೀಗ.

ಪೇಟೆಂಟ್: ಗಟ್ಟಿ ನಿಜ, ಆದರೆ ಯಾವುದಕ್ಕೆ?

ಪೇಟೆಂಟ್ ಎಂದರೆ ಒಂದೇ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಗಿಡಗಳಿಗೆ ಎರಡು ಬಗೆ ಇವೆ.

1930ರ ಕಾಯ್ದೆಯ ಸಸ್ಯ ಪೇಟೆಂಟ್ ಕಡ್ಡಿ, ಕಸಿಯಿಂದ ಬೆಳೆಸುವ ಗಿಡಗಳಿಗೆ. ಮೊದಲನೆಯದು 1931ರಲ್ಲಿ ಹೆನ್ರಿ ಬೋಸೆನ್‌ಬರ್ಗ್ ಎಂಬ ತೋಟಗಾರರಿಗೆ ಸಿಕ್ಕಿತು, ನ್ಯೂ ಡಾನ್ ಎಂಬ ಬಳ್ಳಿ ಗುಲಾಬಿಗೆ. ಹಳೆಯ ತಳಿ ವರ್ಷಕ್ಕೊಂದು ಸಲ ಹೂ ಬಿಡುತ್ತಿತ್ತು, ಇದು ಮತ್ತೆ ಮತ್ತೆ ಬಿಡುತ್ತಿತ್ತು, ಇಷ್ಟೇ ವ್ಯತ್ಯಾಸ. ತೋಟದಲ್ಲಿ ತಾನಾಗಿ ಕಾಣಿಸಿಕೊಂಡ ರೂಪಾಂತರವನ್ನು ಗುರುತಿಸಿ ಕಡ್ಡಿಯಿಂದ ಬೆಳೆಸಿದರೂ ಸಿಗುತ್ತದೆ, ಕಾಡಿನಲ್ಲಿ ಸಿಕ್ಕಿದ್ದಕ್ಕೆ ಸಿಗುವುದಿಲ್ಲ. ಆಲೂಗಡ್ಡೆಯಂಥ ಗೆಡ್ಡೆಗಳನ್ನು ಹೊರಗಿಟ್ಟಿದ್ದಾರೆ, ತಿನ್ನುವ ಭಾಗವೇ ಬಿತ್ತುವ ಭಾಗವೂ ಆಗಿರುವುದು ಇದಕ್ಕೆ ಕಾರಣ. ಅರ್ಜಿ ಹಾಕಿದ ದಿನದಿಂದ 20 ವರ್ಷ. ಹಣ್ಣು ಮತ್ತು ಹೂವಿನ ನರ್ಸರಿಯವರಿಗೆ ಅಲ್ಲಿ ಇದು ಸರಳ ದಾರಿ. 2018ರಿಂದ ಅಮೆರಿಕದ ತಳಿ ಹಕ್ಕು ಕೂಡ ಇಂಥ ಗಿಡಗಳಿಗೆ ತೆರೆದಿದೆ, ಹಾಗಾಗಿ ಈಗ ಆಯ್ಕೆ ಇದೆ.

ಎರಡನೆಯದು ಯಂತ್ರಗಳಿಗೂ ಔಷಧಿಗಳಿಗೂ ಕೊಡುವ ಮಾಮೂಲಿ ಪೇಟೆಂಟ್. 1980ರಲ್ಲಿ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿಯವರ ಬ್ಯಾಕ್ಟೀರಿಯಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜೀವ ಇರುವುದಕ್ಕೂ ಪೇಟೆಂಟ್ ಕೊಡಬಹುದು ಅಂದಿತು. ಬೀಜದಿಂದ ಬೆಳೆಯುವ ಗಿಡಗಳಿಗೂ ಆಗುತ್ತದೆ ಎಂದು 2001ರಲ್ಲಿ ಪಯೊನಿಯರ್ ಎಂಬ ಬೀಜ ಕಂಪನಿಯ ಪ್ರಕರಣದಲ್ಲಿ ಖಚಿತ ಮಾಡಿತು. ಇದರ ಬಿಗಿ ಎಷ್ಟು ಎಂದು ತಿಳಿಯಬೇಕಾದರೆ ಬೋಮನ್ ಎಂಬ ರೈತರ ಪ್ರಕರಣದಲ್ಲಿ ಅದೇ ಕೋರ್ಟ್ 2013ರಲ್ಲಿ ಕೊಟ್ಟ ತೀರ್ಪು ನೋಡಿ. ಆ ರೈತ ಧಾನ್ಯದ ಗೋದಾಮಿನಿಂದ ಸಾಮಾನ್ಯ ಸೋಯಾ ಕಾಳು ಕೊಂಡು ಬಿತ್ತಿದರು, ಕಳೆನಾಶಕ ಹೊಡೆದರು, ಬದುಕುಳಿದ, ಅಂದರೆ ಕಳೆನಾಶಕ ತಡೆಯುವ ಪೇಟೆಂಟ್ ಗುಣ ಇದ್ದ ಗಿಡಗಳ ಬೀಜ ಎತ್ತಿಟ್ಟು ಮುಂದಿನ ಹಂಗಾಮುಗಳಲ್ಲೂ ಬಿತ್ತಿದರು. ಕಾಳು ಕೊಂಡದ್ದು ಸರಿ, ಆದರೆ ಬಿತ್ತಿ ಹೊಸ ಬೀಜ ಮಾಡುವುದು ಪೇಟೆಂಟ್ ಇರುವ ವಸ್ತುವಿನ ನಕಲು ಎಂದು ಎಲ್ಲ ನ್ಯಾಯಾಧೀಶರೂ ಒಂದೇ ಮಾತಿನಲ್ಲಿ ಹೇಳಿದರು. ಅಮೆರಿಕದ ಈ ಪೇಟೆಂಟ್‌ನಲ್ಲಿ ಬೀಜ ಎತ್ತಿಡುವ ಹಕ್ಕೂ ಇಲ್ಲ, ಬ್ರೀಡರ್ ವಿನಾಯಿತಿಯೂ ಇಲ್ಲ. ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್‌ನಲ್ಲಿ ಪೇಟೆಂಟ್ ಇರುವ ಗಿಡವನ್ನೂ ಕ್ರಾಸ್‌ಗೆ ಬಳಸಲು ಬಿಡುತ್ತಾರೆ, ಆದರೆ ಮಾರುವ ತಳಿಯಲ್ಲಿ ಆ ಪೇಟೆಂಟ್ ಗುಣ ಉಳಿದಿದ್ದರೆ ಮತ್ತೆ ಲೈಸೆನ್ಸ್ ಬೇಕು.

ಬಹಳಷ್ಟು ದೇಶಗಳಲ್ಲಿ ತಳಿಗೆ ಪೇಟೆಂಟ್ ಇಲ್ಲವೇ ಇಲ್ಲ. ಯುರೋಪಿನ ಪೇಟೆಂಟ್ ಒಪ್ಪಂದದ 53(ಬಿ) ವಿಧಿ ತಳಿಗಳನ್ನು ಹೊರಗಿಟ್ಟಿದೆ. ಕ್ರಾಸ್ ಮಾಡಿ ಆರಿಸಿದ ಗಿಡಗಳಿಗೂ ಕೊಡುವಂತಿಲ್ಲ ಎಂದು, ಬ್ರೊಕೊಲಿ, ಟೊಮೆಟೊ ಪ್ರಕರಣಗಳ ಸುದೀರ್ಘ ಜಗ್ಗಾಟದ ನಂತರ, 2020ರಲ್ಲಿ ಅಲ್ಲಿನ ಮೇಲ್ಮನವಿ ಮಂಡಳಿ ಹೇಳಿತು. ಭಾರತದ ಪೇಟೆಂಟ್ ಕಾಯ್ದೆಯ 3(ಜೆ) ಬೀಜ, ತಳಿ, ಗಿಡದ ಭಾಗ ಎಲ್ಲವನ್ನೂ ಹೊರಗಿಡುತ್ತದೆ.

ಹಾಗಾದರೆ ಪೇಟೆಂಟ್ ಯಾರಿಗೆ? ನೀವು ಕಂಡುಹಿಡಿದದ್ದು ಒಂದು ಗುಣ, ಒಂದು ವಿಧಾನ, ಒಂದು ಜೀನ್ ಜೋಡಣೆ ಆಗಿದ್ದು ಅದು ಹತ್ತಾರು ತಳಿಗಳಲ್ಲಿ ಕೂರಬಲ್ಲದು ಅಂದರೆ ಪೇಟೆಂಟ್ ಯೋಚಿಸಿ. ಒಂದೇ ಒಂದು ತಳಿಗೆ, ಅದರಲ್ಲೂ ಸಾಂಪ್ರದಾಯಿಕವಾಗಿ ಕ್ರಾಸ್ ಮಾಡಿದ ತಳಿಗೆ, ವಕೀಲರ ಬಿಲ್ ಕಟ್ಟಿಕೊಂಡು ಓಡಾಡುವುದು ಸಣ್ಣ ಬ್ರೀಡರ್‌ಗೆ ಭಾರ. ನೇರವಾಗಿ ಹೇಳುತ್ತೇನೆ, ಬೇಡ.

ಗುಟ್ಟು: ಹೈಬ್ರಿಡ್ ಮಾಡುವವರಿಗೆ ಮಾತ್ರ

ಹೈಬ್ರಿಡ್‌ನ ತಂದೆತಾಯಿ ಸಾಲುಗಳನ್ನು ಯಾರಿಗೂ ಕೊಡದೆ ವ್ಯಾಪಾರ ರಹಸ್ಯವಾಗಿ ಇಟ್ಟುಕೊಳ್ಳಬಹುದು. ಅರ್ಜಿ ಇಲ್ಲ, ಶುಲ್ಕ ಇಲ್ಲ, ಅವಧಿ ಮುಗಿಯುವುದೂ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಹೈಬ್ರಿಡ್ ಬೀಜ ಬೆಳೆಯುವ ಹೊಲಕ್ಕೆ ಬಂದು ನೋಡಿ. ಹೆಣ್ಣು ಸಾಲಿನ ಮೆಕ್ಕೆಜೋಳದ ಸೂಲಂಗಿ ಪರಾಗ ಉದುರಿಸುವ ಮೊದಲೇ ಕಿತ್ತುಹಾಕಬೇಕು. ಸಾವಿರಾರು ಗಿಡಗಳಲ್ಲಿ ಕೆಲವು ತಪ್ಪಿಹೋಗುತ್ತವೆ, ಆ ಗಿಡ ತನಗೆ ತಾನೇ ಪರಾಗ ಕಟ್ಟಿಕೊಳ್ಳುತ್ತದೆ. ಆ ಕಾಳು ಹೈಬ್ರಿಡ್ ಚೀಲದೊಳಗೇ ಸೇರುತ್ತದೆ. ಕೊಂಡವರು ಬಿತ್ತಿದಾಗ ಎದೆಯೆತ್ತರದ ದಟ್ಟ ಪೈರಿನ ನಡುವೆ ಒಂದು ಬಡಕಲು, ತೆಳು ಎಲೆಯ ಗಿಡ್ಡ ಗಿಡ ಕಾಣುತ್ತದೆ. ಬೆಳೆಗಾರರಿಗೆ ಅದು ಕೆಟ್ಟ ಗಿಡ. ಗೊತ್ತಿದ್ದವರಿಗೆ ಅದು ನಿಮ್ಮ ತಾಯಿ ಸಾಲು, ನಿಮ್ಮ ಇಡೀ ಗುಟ್ಟು.

ಕದಿಯುವವರೂ ಇದ್ದಾರೆ. ಅಮೆರಿಕದ ಅಯೋವಾದಲ್ಲಿ ಹೊಲದಿಂದ ತಂದೆತಾಯಿ ಸಾಲಿನ ಬೀಜ ಅಗೆದು ಒಯ್ಯುವ ಸಂಚಿನ ಪ್ರಕರಣದಲ್ಲಿ 2016ರಲ್ಲಿ ಜೈಲು ಶಿಕ್ಷೆಯೇ ಆಯಿತು. ಶಿಕ್ಷೆ ಆದರೂ ಹೊರಹೋದ ಗುಟ್ಟು ಮತ್ತೆ ಗುಟ್ಟಾಗುವುದಿಲ್ಲ. ಅದಕ್ಕೆ ನನ್ನ ಸಲಹೆ: ಬೇಲಿ, ಬೀಗ, ಬೀಜ ಬೆಳೆಸುವವರ ಜೊತೆ ಲಿಖಿತ ಒಪ್ಪಂದ ಎಲ್ಲ ಇರಲಿ, ಜೊತೆಗೆ ಮುಖ್ಯವಾದ ಒಂದು ತಂದೆ ಅಥವಾ ತಾಯಿ ಸಾಲಿಗಾದರೂ ತಳಿ ಹಕ್ಕು ಪಡೆಯಿರಿ. ಯೂಪೋವ್ 1991ರಂತೆ ರಕ್ಷಿತ ಸಾಲನ್ನು ಪ್ರತಿ ಸಲವೂ ಬಳಸಿಯೇ ಮಾಡಬೇಕಾದ ಹೈಬ್ರಿಡ್‌ಗೂ ಆ ಹಕ್ಕು ತಲುಪುತ್ತದೆ. ಗೋಧಿ, ಗುಲಾಬಿ ಮಾಡುವವರಿಗೆ ಗುಟ್ಟಿನ ದಾರಿ ಇಲ್ಲ, ಮಾರಿದ ದಿನವೇ ಅದು ಬಯಲು.

ಹೆಸರಿನ ರಕ್ಷಣೆ

ತಳಿಯ ಹೆಸರು ಬೇರೆ, ಟ್ರೇಡ್‌ಮಾರ್ಕ್ ಬೇರೆ. ತಳಿ ಹಕ್ಕಿಗೆ ಕೊಟ್ಟ ಹೆಸರು ಎಲ್ಲರೂ ಬಳಸಲೇಬೇಕಾದ ಹೆಸರು, ಹಕ್ಕು ಮುಗಿದ ಮೇಲೂ ಅದೇ. ಅದನ್ನು ಯಾರೂ ತಮ್ಮದು ಮಾಡಿಕೊಳ್ಳುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಸೇಬಿನ ತಳಿಯ ಹೆಸರು ಕ್ರಿಪ್ಸ್ ಪಿಂಕ್, ಅಂಗಡಿಯಲ್ಲಿ ಕಾಣುವ ಪಿಂಕ್ ಲೇಡಿ ಟ್ರೇಡ್‌ಮಾರ್ಕ್. ತಳಿಯ ಹಕ್ಕು ಒಂದು ದಿನ ಮುಗಿಯುತ್ತದೆ, ನವೀಕರಿಸುತ್ತಾ ಹೋದರೆ ಟ್ರೇಡ್‌ಮಾರ್ಕ್ ಮುಗಿಯುವುದಿಲ್ಲ.

ಮಿನ್ನೆಸೋಟ ವಿಶ್ವವಿದ್ಯಾಲಯದ ಹನಿಕ್ರಿಸ್ಪ್ ಸೇಬಿನ ಅಮೆರಿಕದ ಪೇಟೆಂಟ್ 2008ರಲ್ಲಿ ಮುಗಿಯಿತು. ಆ ಮೇಲೆ ಅಲ್ಲಿ ಯಾವ ನರ್ಸರಿ ಬೇಕಾದರೂ ಆ ಗಿಡವನ್ನು ಆ ಹೆಸರಿನಲ್ಲೇ ಬೆಳೆಸಿ ಮಾರಬಹುದು. ಆಮೇಲಿನ ತಳಿ ಮಿನೈಸ್ಕಾ ವಿಷಯದಲ್ಲಿ ಅವರು ದಾರಿ ಬದಲಿಸಿದರು, ಸ್ವೀಟ್ಯಾಂಗೊ ಎಂಬ ಟ್ರೇಡ್‌ಮಾರ್ಕ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟರು. ಪಾಠ ಸ್ಪಷ್ಟ: ಮನಸ್ಸಿಗೆ ಹಿಡಿದ ಚಂದದ ಹೆಸರನ್ನು ಅರ್ಜಿಯಲ್ಲಿ ತಳಿಯ ಹೆಸರಾಗಿ ಬರೆದುಬಿಡಬೇಡಿ. ಅಲ್ಲಿಗೆ ಒಂದು ಸಾದಾ ಹೆಸರು ಅಥವಾ ಕೋಡ್ ಕೊಡಿ, ಚಂದದ್ದನ್ನು ಟ್ರೇಡ್‌ಮಾರ್ಕ್‌ಗೆ ಇಟ್ಟುಕೊಳ್ಳಿ. ಆದರೆ ಟ್ರೇಡ್‌ಮಾರ್ಕ್ ಗಿಡವನ್ನು ಕಾಯುವುದಿಲ್ಲ, ಹೆಸರನ್ನಷ್ಟೇ ಕಾಯುತ್ತದೆ. ಬೇರೆ ಹೆಸರಿನಲ್ಲಿ ಅದೇ ಗಿಡ ಮಾರಿದರೆ ಅದರಿಂದ ಏನೂ ಮಾಡಲಾಗದು. ಜೊತೆಗೆ ಬರುವ ರಕ್ಷಣೆ ಇದು. ಗ್ರಾಹಕರು ಹೆಸರು ಕೇಳಿ ಕೊಳ್ಳುವ ಹಣ್ಣು, ಹೂವಿಗೆ ಇದು ಲಾಭ. ಗೋಧಿಗೆ ಇದರಿಂದ ಅಷ್ಟೇನೂ ಇಲ್ಲ.

ಒಪ್ಪಂದದ ಬಗ್ಗೆಯೂ ಒಂದು ಮಾತು. ಚೀಲದ ಮೇಲೆ ಷರತ್ತು ಅಚ್ಚು ಮಾಡಿಸಬಹುದು, ಲೈಸೆನ್ಸ್ ಬರೆಸಿಕೊಳ್ಳಬಹುದು. ಅದು ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತದೆ. ಮೂರನೆಯವರ ಕೈಗೆ ಕಡ್ಡಿ ಹೋದರೆ ಕಾಗದ ಕೆಲಸಕ್ಕೆ ಬರುವುದಿಲ್ಲ.

ತೆರೆದಿಡುವುದೂ ಒಂದು ಆಯ್ಕೆ

"ನನಗೆ ದುಡ್ಡು ಮುಖ್ಯ ಅಲ್ಲ, ಇದನ್ನು ಬೇರೆ ಯಾರೂ ಕಬಳಿಸಬಾರದು" ಅನ್ನುವವರನ್ನು ನಾನು ತುಂಬಾ ನೋಡಿದ್ದೇನೆ. ಸರ್ಕಾರಿ ಸಂಸ್ಥೆಗಳಲ್ಲಿ, ರೈತರ ಗುಂಪುಗಳಲ್ಲಿ ಇವರು ಜಾಸ್ತಿ. ಅವರಿಗೆ ಯಾರೂ ಸರಿಯಾದ ದಾರಿ ಹೇಳುವುದಿಲ್ಲ ಅನ್ನುವುದು ನನ್ನ ಬೇಸರ.

ಅಮೆರಿಕದಲ್ಲಿ 2012ರಲ್ಲಿ ಶುರುವಾದ ಓಪನ್ ಸೋರ್ಸ್ ಸೀಡ್ ಇನಿಶಿಯೇಟಿವ್ ಬೀಜದ ಜೊತೆ ಒಂದು ಪ್ರತಿಜ್ಞೆ ಕಳಿಸುತ್ತದೆ: ಈ ಬೀಜವನ್ನು ಹೇಗೆ ಬೇಕಾದರೂ ಬಳಸಿ, ಇದನ್ನಾಗಲಿ ಇದರಿಂದ ಹುಟ್ಟಿದ್ದನ್ನಾಗಲಿ ಬೇರೆಯವರು ಬಳಸದಂತೆ ಕಟ್ಟಿಹಾಕಬೇಡಿ. ಜರ್ಮನಿಯಲ್ಲಿ 2017ರಲ್ಲಿ ಸನ್‌ವಿವಾ ಎಂಬ ಟೊಮೆಟೊ ತಳಿಯನ್ನು ಇದೇ ಆಶಯದ ಲೈಸೆನ್ಸ್‌ನಡಿ ಬಿಟ್ಟರು. ಪ್ರತಿಜ್ಞೆ ನೈತಿಕ ಬಲದ ಮೇಲೆ ನಿಂತಿದೆ, ಲೈಸೆನ್ಸ್ ಕಾನೂನಿನ ಬಲ ತರಲು ನೋಡುತ್ತದೆ. ತಳಿ ಹಕ್ಕಿನಷ್ಟು ಹಲ್ಲು ಎರಡಕ್ಕೂ ಇಲ್ಲ, ಇದನ್ನು ತಿಳಿದೇ ಆರಿಸಿ.

ಸುಮ್ನೆ ಹಂಚಿಬಿಟ್ಟರೆ ಸಾಲದು, ದಾಖಲೆ ಬೇಕು. ಎನೋಲಾ ಎಂಬ ಹುರುಳಿಕಾಯಿ ತಳಿಯ ಕತೆ ಕೇಳಿ. ಮೆಕ್ಸಿಕೋದಿಂದ ತಂದ ಹಳದಿ ಕಾಳಿಗೆ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಆ ಬಣ್ಣದ ಕಾಳನ್ನು ಮೆಕ್ಸಿಕೋದ ಜನ ಮೊದಲಿಂದಲೂ ಬೆಳೆಯುತ್ತಿದ್ದರು. ಪೇಟೆಂಟ್ ಹಿಡಿದವರು ರಫ್ತು ಮಾಡುವವರ ಹತ್ತಿರ ರಾಯಲ್ಟಿ ಕೇಳತೊಡಗಿದರು. ಕೊಲಂಬಿಯಾದಲ್ಲಿರುವ ಅಂತರರಾಷ್ಟ್ರೀಯ ಬೀಜ ಸಂಗ್ರಹದಲ್ಲಿ ಅದೇ ಬಗೆಯ ಕಾಳುಗಳು ಇದ್ದವು, ಆ ಸಂಸ್ಥೆಯೇ ತಕರಾರು ಹಾಕಿತು. ಪೇಟೆಂಟ್ ಕಚೇರಿ ಹಕ್ಕನ್ನು ತಳ್ಳಿಹಾಕಿದ್ದು 2008ರಲ್ಲಿ, ಮೇಲಿನ ಕೋರ್ಟ್ ಒಪ್ಪಿದ್ದು 2009ರಲ್ಲಿ. ಹತ್ತು ವರ್ಷ! ಹಾಗಾಗಿ ತೆರೆದಿಡುವವರು ತಳಿಯ ಪೂರ್ತಿ ವಿವರ, ಚಿತ್ರ, ತಾರೀಖು ಇರುವಂತೆ ಪ್ರಕಟಿಸಿ, ಬೀಜವನ್ನು ಒಂದು ಬೀಜ ಸಂಗ್ರಹಕ್ಕೆ ಕೊಡಿ. ರೈತರು ತಲೆತಲಾಂತರದಿಂದ ಉಳಿಸಿಕೊಂಡ ತಳಿಯಾದರೆ, ಭಾರತದಂಥ ದೇಶದಲ್ಲಿ ರೈತ ತಳಿ ಎಂದೇ ನೋಂದಾಯಿಸಬಹುದು. ಇದು ಬೇರೆಯವರು ನೋಂದಾಯಿಸಿಕೊಳ್ಳುವುದನ್ನು ತಡೆಯುವ ನೇರ ದಾರಿ.

ನಾನಾದರೆ ಏನು ಮಾಡುತ್ತಿದ್ದೆ

ಹುರುಳಿಕಾಯಿ, ಗೋಧಿ ತರದ ತಳಿ: ತಳಿ ಹಕ್ಕು, ಅಷ್ಟೇ. ರೈತರು ಎತ್ತಿಡುವ ಬೀಜವನ್ನು ನಷ್ಟ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಶುದ್ಧ ಬೀಜಕ್ಕಾಗಿ ಮತ್ತೆ ಬರುವವರು, ಲೈಸೆನ್ಸ್ ಪಡೆಯುವ ಬೀಜ ಕಂಪನಿಗಳು, ಇವರಿಂದ ಬರುವ ಆದಾಯವನ್ನಷ್ಟೇ ನಂಬುತ್ತಿದ್ದೆ.

ಹೂವು, ಹಣ್ಣಿನ ಗಿಡ: ತಳಿ ಹಕ್ಕು, ಜೊತೆಗೆ ಟ್ರೇಡ್‌ಮಾರ್ಕ್. ಗಿಡ ಯಾವ ಯಾವ ದೇಶದಲ್ಲಿ ಬೆಳೆಯುತ್ತದೋ ಅಲ್ಲೆಲ್ಲ ಅರ್ಜಿ, ಏಕೆಂದರೆ ಹಕ್ಕು ದೇಶದ ಗಡಿಯಲ್ಲಿ ನಿಲ್ಲುತ್ತದೆ, ಕಡ್ಡಿ ನಿಲ್ಲುವುದಿಲ್ಲ. ಬೇರೆಯವರ ರಕ್ಷಿತ ತಳಿಯಲ್ಲಿ ಸಿಕ್ಕ ಬಣ್ಣದ ಕೊಂಬೆಯಾದರೆ ಮೊದಲು ಅವರ ಜೊತೆ ಕೂತು ಮಾತಾಡುತ್ತಿದ್ದೆ.

ಹೈಬ್ರಿಡ್: ಸಾಲುಗಳು ಗುಟ್ಟಾಗಿ, ಮುಖ್ಯ ಸಾಲಿಗೆ ತಳಿ ಹಕ್ಕು. ಹೊಸ ಗುಣ ಅಥವಾ ವಿಧಾನ: ಪೇಟೆಂಟ್ ಸಿಗುವ ದೇಶಗಳಲ್ಲಿ ಪೇಟೆಂಟ್, ತಳಿಗೆ ಬೇರೆಯಾಗಿ ತಳಿ ಹಕ್ಕು. ಜೀನ್ ಎಡಿಟಿಂಗ್ ಬಳಸಿದ್ದರೆ ಆ ಉಪಕರಣದ ಮೇಲೇ ಬೇರೆಯವರ ಪೇಟೆಂಟ್ ಇರುತ್ತದೆ, ಅದರ ಲೈಸೆನ್ಸ್ ಇಲ್ಲದೆ ಮುಂದೆ ಹೋಗುತ್ತಿರಲಿಲ್ಲ.

ಯಾವುದೇ ದಾರಿ ಹಿಡಿದರೂ, ಕ್ರಾಸ್‌ಗೆ ಬಳಸಿದ ಮೂಲ ಬೀಜ ಎಲ್ಲಿಂದ ಬಂತು, ಯಾವ ಒಪ್ಪಂದದಲ್ಲಿ ಬಂತು ಎಂದು ಮೊದಲ ದಿನದಿಂದ ಬರೆದಿಡಿ. ಬೆಳೆಗಳ ಬೀಜ ಹಂಚಿಕೊಳ್ಳಲು ದೇಶಗಳು ಮಾಡಿಕೊಂಡ ಅಂತರರಾಷ್ಟ್ರೀಯ ಬೀಜ ಒಪ್ಪಂದದ ಸಂಗ್ರಹದಿಂದ ತಂದಿದ್ದರೆ ಅದರ ಷರತ್ತು ನಿಮ್ಮ ತಳಿಗೂ ಅಂಟಿಕೊಂಡು ಬರುತ್ತದೆ.

ಹಕ್ಕು ಪತ್ರ ಕೈಗೆ ಬಂದ ಮೇಲೂ ಕೆಲಸ ಇದೆ. ಶುಲ್ಕದ ತಾರೀಖು ತಪ್ಪಿದರೆ ಹಕ್ಕು ಬೀಳುತ್ತದೆ. ಅರ್ಜಿಯ ಜೊತೆ ಕೊಟ್ಟ ಮಾದರಿಯಂತೆಯೇ ತಳಿ ಉಳಿದಿರಬೇಕು, ಕಚೇರಿ ಕೇಳಿದಾಗ ಅದೇ ಬೀಜ ಕೊಡಲಾಗದಿದ್ದರೆ ಹಕ್ಕನ್ನು ರದ್ದು ಮಾಡಬಹುದು. ಆದ್ದರಿಂದ ಮೂಲ ಬೀಜವನ್ನು ಒಣಗಿಸಿ, ತಂಪಿನಲ್ಲಿ, ಎರಡು ಬೇರೆ ಬೇರೆ ಜಾಗದಲ್ಲಿ ಇಡಿ. ಪ್ರತಿ ಪೊಟ್ಟಣದ ಮೇಲೆ ಸ್ಪಷ್ಟವಾಗಿ ಪೀಳಿಗೆ, ವರ್ಷ, ಪ್ಲಾಟ್ ಸಂಖ್ಯೆ ಬರೆಯಿರಿ, ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ.